ಮನೆಯ ಮೀನಿನ ತೊಟ್ಟಿಯೂ ನಮ್ಮ ಕೆರೆಯಂಚಿನ ಗಿಡಗಳೂ

(ಹಿಂದೂಪುರದಲ್ಲಿ ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ಸಾಹಿತ್ಯವನ್ನೋ ಶಾಸನವನ್ನೋ ಕುರಿತು ಮಾತನಾಡುವುದು ವಾಡಿಕೆ. ಹೇಮಾವತಿಯ ನೊಳಂಬರು, ಲೇಪಾಕ್ಷಿಯ ಕನ್ನಡ ಶಾಸನಗಳು, ಇವುಗಳ ಪ್ರಸ್ತಾಪವಿಲ್ಲದೆ ನಮ್ಮ ಸಭೆ ಮುಗಿಯುವುದೇ ಇಲ್ಲ. ಕಾರ್ಯದರ್ಶಿಗಳು ಇಂದು ನನಗೆ ಒಪ್ಪಿಸಿರುವ ವಿಷಯವಾದರೋ ಒಂದು ಗಾಜಿನ ತೊಟ್ಟಿಯೊಳಗೆ ಅಡಗುವಂಥದು. ಮನೆಯಲ್ಲಿ ಮೀನು ಸಾಕುವ ತೊಟ್ಟಿಯಲ್ಲಿ, ಬೇರು ನೀರಿನಲ್ಲಿಯೂ ತಲೆ ಗಾಳಿಯಲ್ಲಿಯೂ ಇರುವಂತೆ ಜೀವಂತ ಸಸ್ಯಗಳನ್ನು ಬೆಳೆಸುವುದು ಹೇಗೆ, ಅದಕ್ಕೆ ಯಾವ ಗಿಡಗಳು ತಕ್ಕವು ಎಂಬುದೇ ಆ ವಿಷಯ. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಸಭೆಯೇ ಎಂದು ಯಾರಾದರೂ ಕೇಳಬಹುದು. ಆ ಗಿಡಗಳು ಯಾವುವೆಂದು ಹುಡುಕುತ್ತ ಹೋದರೆ ನಮ್ಮೂರ ಕೆರೆಯ ಅಂಚಿಗೆ ಬಂದು ನಿಲ್ಲಬೇಕಾಗುತ್ತದೆ. ಅಲ್ಲಿ ನೋಡಬೇಕಾದುದು ಬಹಳವಿದೆ.

ಮೀನನ್ನು ವಿನೋದಕ್ಕಾಗಿ ಗಮನಿಸುವುದು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆ ಒಂದು ಭಾಗವನ್ನೇ ಮೀಸಲಾಗಿಟ್ಟು, ಮೀನಿನ ಬಗೆಗಳನ್ನೂ ಅವುಗಳಿಗೆ ಹಾಕುವ ಆಹಾರವನ್ನೂ ವಿವರಿಸಿದ್ದಾನೆ. ಆದರೆ ಅದು ಗಾಳ ಹಾಕುವವನ ವಿನೋದ. ಗಾಜಿನ ತೊಟ್ಟಿಯಲ್ಲಿ ಮೀನನ್ನೂ ಗಿಡವನ್ನೂ ಒಟ್ಟಿಗೆ ಬಾಳಿಸುವ ಯೋಚನೆ ನೂರೆಪ್ಪತ್ತು ವರ್ಷಗಳಿಗೆ ಸ್ವಲ್ಪ ಹಿಂದಿನದು. ೧೮೫೦ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಹನ್ನೆರಡು ಗ್ಯಾಲನ್ ನೀರು ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಚಿನ್ನದ ಮೀನುಗಳನ್ನು ಬಿಟ್ಟು, ಪಟ್ಟಿಯಂತೆ ಉದ್ದ ಎಲೆಗಳುಳ್ಳ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ನೆಟ್ಟನು. ಉದುರಿದ ಎಲೆ ಕೊಳೆತು ನೀರು ಕದಡಿತು. ಆತನು ಕೊಳದ ಬಸವನಹುಳುಗಳನ್ನು ತಂದು ಬಿಡಲು, ಅವು ಕೊಳೆತುದನ್ನು ತಿಂದು ನೀರನ್ನು ತಿಳಿಗೊಳಿಸಿದವು. ಮೀನು ಬಿಟ್ಟ ಉಸಿರನ್ನು ಗಿಡ ಹೀರುವುದು, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಹೀರುವುದು, ಎರಡರ ಕಸವನ್ನೂ ಹುಳು ತಿನ್ನುವುದು. ಈ ಸಂಸಾರವನ್ನು ನೋಡಿ ಯೂರೋಪೆಲ್ಲ ಬೆರಗಾಯಿತು; ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯವೊಂದು ತೆರೆಯಿತು.

ವಾರಿಂಗ್ಟನ್ನನ ಗಿಡ ಪೂರ್ತಿ ಮುಳುಗಿ ಬಾಳುವಂಥದು. ಇಂದಿಗೂ ನಮ್ಮ ಮನೆಗಳಲ್ಲಿ ತೊಟ್ಟಿ ತರುವವರು ಅದನ್ನು ಕಂಠದವರೆಗೂ ತುಂಬಿ, ಅಂಗಡಿಯಿಂದ ತಂದ ಗಿಡವನ್ನು ತಳದಲ್ಲಿ ನೆಡುತ್ತಾರೆ. ಹದಿನೈದು ದಿನದಲ್ಲಿ ಎಲೆಗಳು ಲೋಳೆಯಾಗುತ್ತವೆ. ಕೊನೆಗೆ ಬಣ್ಣದ ಪ್ಲಾಸ್ಟಿಕ್ ಗಿಡವೊಂದು ಅದರ ಜಾಗದಲ್ಲಿ ಬಂದು ಕೂಡುತ್ತದೆ. ಹಿಂದೂಪುರದಲ್ಲಿಯೂ ಕಲ್ಯಾಣದುರ್ಗದಲ್ಲಿಯೂ ಇದು ಕೈಗುಣದ ಮಾತಲ್ಲ, ನೀರಿನ ಗುಣದ ಮಾತು.

ಕಾರಣವನ್ನು ವಿಚಾರಿಸೋಣ. ಗಿಡಕ್ಕೆ ಮುಖ್ಯ ಆಹಾರ ಇಂಗಾಲಾಮ್ಲ ವಾಯು. ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ ೪೨೦ ಭಾಗವನ್ನು ದಾಟಿದೆ. ಅದು ಅಲ್ಪವೇ ಸರಿ; ಆದರೆ ಗಾಳಿ ಅದನ್ನು ಎಲೆಯ ಬಾಗಿಲಿಗೆ ತಾನೇ ತಂದು ಮುಟ್ಟಿಸುತ್ತದೆ. ನಿಂತ ನೀರಿನಲ್ಲಿ ಇದೇ ವಾಯು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಾಲು ನಿಧಾನವಾಗಿ ಹರಡುತ್ತದೆ. ಮುಳುಗಿದ ಎಲೆ ತನ್ನ ಸುತ್ತಲಿನದನ್ನು ಉಂಡು ಮುಗಿಸಿ ಹಸಿದು ಕೂಡುತ್ತದೆ. ಸಾಲದುದಕ್ಕೆ ನಮ್ಮ ಕೊಳವೆಬಾವಿಗಳ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ನೋಡದ ಗೃಹಿಣಿಯರು ಇಲ್ಲಿಲ್ಲ. ಇಂಥ ಕ್ಷಾರಗುಣದ ನೀರಿನಲ್ಲಿ ಇಂಗಾಲಾಮ್ಲವು ಬಿಡಿಯಾಗಿ ಉಳಿಯದೆ ಬೈಕಾರ್ಬೊನೇಟ್ ಎಂಬ ಲವಣರೂಪದಲ್ಲಿ ಅಡಗುತ್ತದೆ. ವ್ಯಾಲಿಸ್ನೇರಿಯ, ಹೈಡ್ರಿಲ್ಲ ಮೊದಲಾದ ಕೆಲವು ಗಟ್ಟಿಗಿಡಗಳು ಆ ಲವಣದಿಂದಲೂ ಆಹಾರ ತೆಗೆಯಬಲ್ಲವು. ಮೃದುನೀರಿನಿಂದ ಬಂದ ಅನೇಕ ಚೆಲುವಿನ ಗಿಡಗಳು ತೆಗೆಯಲಾರವು. ನಮ್ಮ ಪಶ್ಚಿಮಘಟ್ಟದ ಕೆಂಪೆಲೆಯ ರೋಟಾಲ ಮ್ಯಾಕ್ರಾಂಡ್ರ ಎಂಬುದು ಲೋಕದ ಮತ್ಸ್ಯಾಲಯಗಳಲ್ಲೆಲ್ಲ ಮೆರೆಯುತ್ತಿದೆ. ಕನ್ನಡ ನಾಡಿನ ಗಿಡವೆಂಬ ಅಭಿಮಾನದಿಂದ ಅದನ್ನು ತಂದು ನಮ್ಮ ಬೋರು ನೀರಿಗೆ ಹಾಕಿದರೆ ಅಭಿಮಾನವೊಂದೇ ಉಳಿಯುತ್ತದೆ. ಹೊರದೇಶಗಳಲ್ಲಿ ಈ ಕೊರತೆಯನ್ನು ತುಂಬಲು ಇಂಗಾಲಾಮ್ಲವನ್ನು ಸಿಲಿಂಡರಿನಿಂದ ನೀರಿಗೆ ಹಾಯಿಸುತ್ತಾರೆ. ಅದು ನಮ್ಮ ಮನೆಗಳ ಕೆಲಸವಲ್ಲ.

ಇನ್ನೊಂದು ಗುಟ್ಟನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಕುಂಡಗಳಲ್ಲಿ ಮಾರಾಟಕ್ಕೆ ಬರುವ ತೊಟ್ಟಿಗಿಡಗಳಲ್ಲಿ ಬಹುಪಾಲನ್ನು ನರ್ಸರಿಗಳಲ್ಲಿ ನೀರಿನೊಳಗೆ ಬೆಳೆಸಿರುವುದೇ ಇಲ್ಲ. ಬೇರನ್ನು ನೀರಿನಲ್ಲಿಟ್ಟು ಎಲೆಯನ್ನು ತೇವದ ಗಾಳಿಯಲ್ಲಿ ಬಿಟ್ಟು ಬೆಳೆಸುತ್ತಾರೆ. ಬೇಗ ಬೆಳೆಯುತ್ತದೆ, ಪಾಚಿ ಹಿಡಿಯದು. ಗಾಳಿಗಾಗಿ ಹುಟ್ಟಿದ ಆ ಎಲೆಗಳನ್ನು ನಾವು ಒಮ್ಮೆಗೇ ಮುಳುಗಿಸುತ್ತೇವೆ. ಅವು ಕೊಳೆಯದೆ ಇನ್ನೇನು ಮಾಡಿಯಾವು? ಬೆಳೆಸಿದವನು ಯಾವ ಉಪಾಯದಿಂದ ಬೆಳೆಸಿದನೋ ಅದೇ ಉಪಾಯವನ್ನು ನಾವೂ ಹಿಡಿದರೆ ಅರ್ಧ ತೊಂದರೆ ನೀಗುತ್ತದೆ.

ಬೇರು ನೀರಿನಲ್ಲಿ, ಎಲೆ ಗಾಳಿಯಲ್ಲಿ ಎಂಬ ಈ ಏರ್ಪಾಟಿನಿಂದ ಮೀನಿಗಾಗುವ ಲಾಭವೂ ದೊಡ್ಡದು. ಮೀನಿನ ಮಲದಿಂದಲೂ ತಿನ್ನದೆ ಬಿಟ್ಟ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೀರು ಕ್ಷಾರವಾದಷ್ಟೂ ಬಿಸಿಯಾದಷ್ಟೂ ಅಮೋನಿಯದ ವಿಷ ಹೆಚ್ಚು. ಅಂದರೆ ನಮ್ಮ ಸೀಮೆಯ ಬೇಸಗೆಯಲ್ಲಿ ಮೀನಿಗೆ ಇಮ್ಮಡಿ ಅಪಾಯ. ಎಲೆ ಗಾಳಿಯಲ್ಲಿದ್ದು ಬಿಸಿಲು ಉಂಡು ಭರದಿಂದ ಬೆಳೆಯುವ ಗಿಡವು ಈ ಸಾರಜನಕವನ್ನು ಗೊಬ್ಬರವಾಗಿ ಸೆಳೆದುಕೊಳ್ಳುತ್ತದೆ. ಆಮ್ಲಜನಕದ ಲೆಕ್ಕವನ್ನೂ ನೋಡಿರಿ. ೨೫ ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರು ನೀರು ಸುಮಾರು ೮.೩ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. ೩೫ ಡಿಗ್ರಿಯಲ್ಲಿ ಸುಮಾರು ೭ ಮಾತ್ರ. ಮುಳುಗಿದ ಗಿಡ ರಾತ್ರಿಯೆಲ್ಲ ಅದರಲ್ಲಿಯೇ ಪಾಲು ಕೇಳುತ್ತದೆ. ಮೇಲೆ ನಿಂತ ಎಲೆ ಮಾತ್ರ ರಾತ್ರಿಯ ಉಸಿರನ್ನು ಗಾಳಿಯಿಂದಲೇ ಪಡೆಯುತ್ತದೆ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಎಂಬ ಮಹಿಳೆ ೧೯೯೯ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಗಾಳಿಯಲ್ಲಿ ಎಲೆಯಿಟ್ಟ ಗಿಡಗಳಿಗಿರುವ ಈ ಅನುಕೂಲವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆನ್ನುವವರಿಗೆ ಹೈದರಾಬಾದಿನ ನೆಕ್ನಾಂಪುರ ಕೆರೆಯ ಉದಾಹರಣೆಯಿದೆ. ಅಲ್ಲಿ ೨೦೧೮ರಲ್ಲಿ ಲಾವಂಚ, ಜೊಂಡು ಮುಂತಾದುವನ್ನು ತೆಪ್ಪಗಳ ಮೇಲೆ ನೆಟ್ಟು, ಬೇರುಗಳು ಕೊಳಚೆನೀರಿನ ಸಾರವನ್ನು ಹೀರುವಂತೆ ತೇಲಿಬಿಟ್ಟರು.

ಈಗ ಗಿಡಗಳ ಮಾತು. ಹಿಂದಿನ ಅನಂತಪುರ ಜಿಲ್ಲೆಯ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೫೫೦ ಮಿಲಿಮೀಟರು. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆಗ ಕೆರೆಗೆ ನೀರು ಬಂದರೆ ಏರಿಯ ಕಡೆ ಆಳ, ಅಂಗಳದ ಕಡೆ ಮೊಳಕಾಲುದ್ದ. ಸಂಕ್ರಾಂತಿಯ ವೇಳೆಗೆ ಅಂಗಳದ ನೀರು ಹಿಂದೆ ಸರಿದು ಕೆಸರಾಗುತ್ತದೆ. ಯುಗಾದಿಯ ವೇಳೆಗೆ ಆ ಕೆಸರೂ ಬಿರಿಯುತ್ತದೆ. ಈ ಅಂಚಿನಲ್ಲಿ ಹುಟ್ಟಿದ ಗಿಡಕ್ಕೆ ಮುಳುಗುವುದೂ ಗೊತ್ತು, ನಿಲ್ಲುವುದೂ ಗೊತ್ತು, ಒಣಗುವುದೂ ಗೊತ್ತು. ಕೆಲವಕ್ಕಂತೂ ಎರಡು ಬಗೆಯ ಎಲೆಗಳೇ ಉಂಟು. ಲಿಮ್ನೋಫಿಲ ಇಂಡಿಕ ಎಂಬ ಗಿಡವು ನೀರಿನೊಳಗೆ ಸೋಂಪಿನ ಸೊಪ್ಪಿನಂತೆ ಎಳೆಯೆಳೆಯಾದ ಎಲೆಯನ್ನು ಬಿಡುತ್ತದೆ. ನೀರಿನಿಂದ ಮೇಲೆ ಬಂದೊಡನೆ ಅದೇ ಕಾಂಡದಲ್ಲಿ ಅಂಚು ಕಚ್ಚಿದ ಅಗಲವಾದ ಎಲೆ ಮೂಡುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮಗೆ ಇದು ವಿಚಿತ್ರವೆಂದು ತೋರಬಾರದು.

ನಮ್ಮ ತೊಟ್ಟಿಗೆ ನಾನು ಮೊದಲು ಹೇಳುವುದು ನೀರುಬ್ರಾಹ್ಮಿಯನ್ನು. ಒಂದೆಲಗವನ್ನೂ ಬ್ರಾಹ್ಮಿಯೆಂದು ಕರೆಯುವುದುಂಟು. ತೆಲುಗಿನಲ್ಲಿ ಸರಸ್ವತಿ ಆಕು ಎನ್ನುವುದು ಆ ಒಂದೆಲಗವನ್ನೇ. ನಾನು ಹೇಳುತ್ತಿರುವುದು ಚಿಕ್ಕ ದಪ್ಪ ಎಲೆಯ, ಬಿಳಿಯೂ ತಿಳಿನೀಲಿಯೂ ಕೂಡಿದ ಪುಟ್ಟ ಹೂವಿನ, ಕೆಸರಿನ ಮೇಲೆ ಹರಿದು ಗೆಣ್ಣುಗೆಣ್ಣಿಗೂ ಬೇರು ಬಿಡುವ ಗಿಡ. ಇದು ಗಡಸು ನೀರಿಗೆ ಅಂಜುವುದಿಲ್ಲ. ಎರಡನೆಯದು ಹೊನಗೊನ್ನೆ. ತೆಲುಗಿನ ಪೊನ್ನಗಂಟಿ ಅದೇ. ಹಳಗನ್ನಡದ ಪಕಾರ ಹಕಾರವಾದ ಬಗೆಯನ್ನು ಬಲ್ಲವರಿಗೆ ಈ ಎರಡು ಹೆಸರುಗಳು ಅಕ್ಕತಂಗಿಯರಂತೆ ಕಾಣುತ್ತವೆ. ಸೊಪ್ಪಿನ ಕಟ್ಟಿನಿಂದಲೇ ಬಲಿತ ಕಡ್ಡಿಯೊಂದನ್ನು ತೆಗೆದು ನೆಡಬಹುದು. ಇದನ್ನು ಪೂರ್ತಿ ಮುಳುಗಿಸಿದರೆ ಹೆಚ್ಚುಕಾಲ ಬಾಳದು. ತಲೆಯೆತ್ತಿ ನಿಲ್ಲಿಸಿದರೆ ವಾರಕ್ಕೊಮ್ಮೆ ಕತ್ತರಿಸಬೇಕಾಗುವಷ್ಟು ಬೆಳೆಯುತ್ತದೆ. ಮೂರನೆಯದು ಬಜೆ. ಎಳೆಗೂಸಿಗೆ ತೇಯ್ದು ನೆಕ್ಕಿಸುವ ಈ ಬೇರನ್ನು ನಮಗೆ ದೂರವಲ್ಲದ ಕೊರಟಗೆರೆ ತಾಲ್ಲೂಕಿನಲ್ಲಿ ಗದ್ದೆಯ ಬೆಳೆಯಾಗಿಯೇ ಬೆಳೆಯುತ್ತಾರೆ. ಅದರ ಕತ್ತಿಯಂಥ ಎಲೆ ತೊಟ್ಟಿಯ ಹಿಂಬದಿಗೆ ಶೋಭೆ.

ಕೆಸುವೂ ಆಗುತ್ತದೆ, ಆದರೆ ಅದರ ರಸ ತುರಿಸುವುದರಿಂದ ಚಿಕ್ಕ ಮಕ್ಕಳಿರುವ ಮನೆಗೆ ಬೇಡ. ಎಲ್ಲರ ಮನೆಯಲ್ಲಿರುವ ಮನಿಪ್ಲಾಂಟ್ ಬಳ್ಳಿಯನ್ನೂ ಬೇರು ಮಾತ್ರ ನೀರಿನಲ್ಲಿರುವಂತೆ ತೊಟ್ಟಿಯ ಅಂಚಿನಿಂದ ಇಳಿಬಿಡಬಹುದು. ಕೆಲಸಕ್ಕೆ ಅದು ಯಾವುದಕ್ಕೂ ಕಡಿಮೆಯಲ್ಲ. ನೋಡಿ ನೋಡಿ ನನಗೆ ಬೇಸರ, ಅಷ್ಟೆ. ತಾವರೆ, ನೈದಿಲೆಗಳನ್ನು ಎರಡಡಿಯ ತೊಟ್ಟಿಯಲ್ಲಿ ಇಡುವ ಆಸೆಯನ್ನು ಬಿಡುವುದು ಲೇಸು. ಅಂಗಳದಲ್ಲಿ ಸಿಮೆಂಟಿನ ತೊಟ್ಟಿಯಿದ್ದವರ ಭಾಗ್ಯವದು.

ತೊಟ್ಟಿಯ ಲೆಕ್ಕ ಹೀಗೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ೧೫ ಅಂಗುಲ ಎತ್ತರದ ತೊಟ್ಟಿಯನ್ನು ತುಂಬಲು ಸುಮಾರು ೭೦ ಲೀಟರು ನೀರು ಬೇಕು. ೮ ಅಂಗುಲಕ್ಕೆ ನಿಲ್ಲಿಸಿದರೆ ೩೮ ಲೀಟರು, ಅಂದರೆ ಎರಡೂವರೆ ಬಿಂದಿಗೆಯಷ್ಟು. ಟ್ಯಾಂಕರಿಗಾಗಿ ಕಾದು ನಿಲ್ಲುವ ಬೇಸಗೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ತಳಕ್ಕೆ ಗೊಬ್ಬರ ಬೆರೆಸದ ಕೆಂಪು ಮಣ್ಣು ಒಂದು ಅಂಗುಲ, ಅದರ ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳು ಒಂದೂವರೆ ಅಂಗುಲ. ಹಿಂಬದಿಯಲ್ಲಿ ಕಲ್ಲುಗಳನ್ನು ಜೋಡಿಸಿ, ನಮ್ಮ ಕೆರೆಯಂಗಳದ ಹಾಗೆಯೇ ಇಳಿಜಾರು ಮಾಡಬೇಕು. ಅದರ ನೆತ್ತಿ ನೀರಿನ ಮಟ್ಟಕ್ಕೆ ಬಂದರೆ ಸಾಕು. ನಮ್ಮ ಗುಡ್ಡಗಳ ಕಗ್ಗಲ್ಲು ಉತ್ತಮ. ಸುಣ್ಣದ ಅಂಶವಿರುವ ಕಲ್ಲು ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಅನುಮಾನವಿದ್ದರೆ ಕಲ್ಲನ್ನು ಕೆರೆದು ಆ ಪುಡಿಯ ಮೇಲೆ ನಿಂಬೆರಸ ಹಿಂಡಿರಿ, ನೊರೆಯೆದ್ದರೆ ಅದನ್ನು ಹೊರಗಿಡಿರಿ. ಕಲ್ಲು ಜೋಡಿಸುವ ತಾಳ್ಮೆಯಿಲ್ಲದವರು ತೆಂಗಿನ ಕರಟಕ್ಕೆ ತೂತು ಕೊರೆದು, ಒಳಗೆ ಗರಸು ತುಂಬಿ, ಅದರ ಬುಡ ನೀರಿನಲ್ಲಿ ಅದ್ದುವಂತೆ ಅಂಚಿನಿಂದ ತೂಗುಹಾಕಬಹುದು. ಕಟ್ಟಲು ತಾಮ್ರದ ತಂತಿ ಬೇಡ. ತಾಮ್ರ ಕರಗಿದರೆ ಬಸವನಹುಳುಗಳು ಸಾಯುತ್ತವೆ.

ಮೊದಲ ಎರಡು ವಾರ ಮೀನು ಬಿಡದೆ ಗಿಡ ಬೇರೂರಲು ಬಿಡಿರಿ. ಆಮೇಲೆ ನಾಲ್ಕೈದು ಗಪ್ಪಿ ಮೀನುಗಳು ಸಾಕು. ಅವಕ್ಕೆ ಗಡಸು ನೀರೇ ಒಗ್ಗುತ್ತದೆ. ಸೊಳ್ಳೆಯ ಮರಿಗಳನ್ನೂ ತಿನ್ನುತ್ತವೆ. ಮೀನಿಲ್ಲದ ತೊಟ್ಟಿಯನ್ನಾಗಲಿ ನೀರು ನಿಂತ ಕುಂಡದ ತಟ್ಟೆಯನ್ನಾಗಲಿ ಮನೆಯಲ್ಲಿಟ್ಟುಕೊಂಡು ಡೆಂಗೆ ಜ್ವರವನ್ನು ಕರೆಯಬಾರದು. ಆದುದರಿಂದ ಆ ಎರಡು ವಾರ ತೊಟ್ಟಿಯ ಬಾಯಿಗೆ ತೆಳುಬಟ್ಟೆ ಕಟ್ಟಿಡಬೇಕು.

ಈ ಏರ್ಪಾಟಿಗೆ ಒಂದು ತೆರಿಗೆಯುಂಟು. ಗಾಳಿಯಲ್ಲಿರುವ ಎಲೆ ನೀರನ್ನು ಹೀರಿ ಆವಿಯಾಗಿ ಬಿಡುತ್ತದೆ. ಚೈತ್ರ ವೈಶಾಖಗಳಲ್ಲಿ ತೊಟ್ಟಿಯ ಮಟ್ಟ ದಿನದಿನಕ್ಕೂ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಹೋಗುವುದು ನೀರು ಮಾತ್ರ, ಲವಣ ಉಳಿಯುತ್ತದೆ. ಹೋದಷ್ಟಕ್ಕೆ ಬೋರು ನೀರನ್ನೇ ಸುರಿಯುತ್ತ ಬಂದರೆ ಆಷಾಢದ ಹೊತ್ತಿಗೆ ತೊಟ್ಟಿಯೊಂದು ಉಪ್ಪಿನ ಕುಂಟೆಯಾಗುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಅದಕ್ಕೆ ಸಮಾನವಿಲ್ಲ. ಇಲ್ಲವಾದರೆ ಶುದ್ಧ ನೀರಿನ ಘಟಕದಿಂದ ತರುವ ೨೦ ಲೀಟರಿನ ಕ್ಯಾನಿನ ನೀರನ್ನು ಅರ್ಧಕ್ಕರ್ಧ ಬೆರೆಸಿರಿ. ಆ ಯಂತ್ರಗಳು ಹೊರಚೆಲ್ಲುವ ನೀರನ್ನು ಮಾತ್ರ ಪುಕ್ಕಟೆ ಸಿಕ್ಕಿತೆಂದು ಹಾಕಬಾರದು. ಶುದ್ಧ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲಿಯೇ ಇರುತ್ತದೆ. ನಲ್ಲಿಯ ನೀರಾದರೆ ಕ್ಲೋರಿನ್ ಹಾರಿಹೋಗುವಂತೆ ಒಂದು ದಿನ ಬಾಯಿ ತೆರೆದ ಪಾತ್ರೆಯಲ್ಲಿಡಬೇಕು.

ನಮ್ಮ ಒಣಗಾಳಿಗೆ ಎಳೆಯೆಲೆಗಳ ತುದಿ ಸುಟ್ಟಂತಾಗುವುದುಂಟು. ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ ೧೮೨೯ರಲ್ಲಿ, ಪತಂಗದ ಗೂಡನ್ನಿಟ್ಟು ಮುಚ್ಚಿದ್ದ ಬಾಟಲಿಯೊಳಗಿನ ಒದ್ದೆಮಣ್ಣಿನಲ್ಲಿ ಜರೀಗಿಡವೊಂದು ತಾನಾಗಿ ಮೊಳೆತುದನ್ನು ಕಂಡನು. ಗಾಜಿನೊಳಗೆ ಆವಿ ಮೇಲೇರಿ, ತಣಿದು, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಆತನ ಹೆಸರಿನ ಗಾಜಿನ ಪೆಟ್ಟಿಗೆಗಳಲ್ಲಿಯೇ ಮುಂದೆ ಚೀನದ ಚಹಾ ಗಿಡಗಳು ಕಡಲು ದಾಟಿ ಭಾರತಕ್ಕೆ ಬಂದುವು. ತೊಟ್ಟಿಯ ಬಾಯಿಗೆ ಗಾಜಿನ ಹಲಗೆಯೊಂದನ್ನು ಮುಚ್ಚಿ, ಎರಡು ಬೆರಳಿನಷ್ಟು ಸಂದು ಬಿಟ್ಟರೆ ಅದೇ ಉಪಕಾರ ನಮಗೂ ದೊರೆಯುತ್ತದೆ, ನೀರೂ ಉಳಿಯುತ್ತದೆ. ತೊಟ್ಟಿಯನ್ನು ಪೂರ್ವದ ಕಿಟಕಿಯ ಬಳಿ ಇಡುವುದು ಮೇಲು. ಪಡುವಣ ಬಿಸಿಲಿಗೆ ಮುಚ್ಚಿದ ತೊಟ್ಟಿ ಒಲೆಯಾದೀತು.

ಗಿಡವನ್ನು ಕೆರೆಯಂಚಿನಿಂದ ತರಬಹುದೆಂದೆ. ಆ ಅಂಚು ಈಗ ಎಲ್ಲಿದೆ? ಹಲವು ಕೆರೆಗಳ ಅಂಗಳವನ್ನು ಬಳ್ಳಾರಿ ಜಾಲಿ ಆಕ್ರಮಿಸಿದೆ. ಕೆಲವೆಡೆ ಹೂಳೆತ್ತುವ ಕೆಲಸ ನಡೆದಿದೆ. ಅದು ಬೇಕಾದ ಕೆಲಸವೇ. ನಮ್ಮ ಹಿರಿಯರು ದಸವಂದದ ಭೂಮಿಯನ್ನು ಕೊಟ್ಟು ಕೆರೆ ಕಟ್ಟಿಸಿದ್ದು, ನೀರುಗಂಟಿಯನ್ನು ನೇಮಿಸಿದ್ದು ಕೆರೆ ತುಂಬಿರಲೆಂದೇ. ಆದರೆ ಜೆಸಿಬಿ ಯಂತ್ರ ಒಂದು ಮೂಲೆಯನ್ನೂ ಬಿಡದೆ ಕೆರೆದಾಗ ಹೂಳಿನೊಂದಿಗೆ ಬೀಜಗಳೂ ಗೆಡ್ಡೆಗಳೂ ಹೊಲಕ್ಕೆ ಹೋಗುತ್ತವೆ. ಅಪೋನೊಗೆಟಾನ್ ಎಂಬ ನೀರುಗಿಡದ ಗೆಡ್ಡೆ ಕೆರೆ ಒಣಗಿದ ಕಾಲವನ್ನು ಕೆಸರಿನೊಳಗೆ ಮಲಗಿಯೇ ಕಳೆಯುತ್ತದೆ. ನಾಲ್ಕು ದಳದ ಎಲೆಯ ಮಾರ್ಸಿಲಿಯ ಎಂಬ ನೀರು ಜರೀಗಿಡದ ಕಾಳಿನಂಥ ಬೀಜಕೋಶಗಳು ಹಲವು ದಶಕ ಒಣಗಿದ್ದರೂ ನೀರು ಕಂಡಾಗ ಮೊಳೆಯಬಲ್ಲವು. ಕಲ್ಯಾಣದುರ್ಗದ ಬಂಧುಗಳು ಇದನ್ನು ಮನಸ್ಸಿನಲ್ಲಿಡಬೇಕು. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರವು ೧೯೩೩ರ ತರುವಾಯ ೨೦೨೨ರಲ್ಲಿ ಕೋಡಿ ಹರಿಯಿತು. ಅಷ್ಟು ದೀರ್ಘಕಾಲ ಕಾದು ಬಂದ ನೀರಿಗೆ ದಡದಲ್ಲಿ ಎದ್ದು ನಿಂತು ಉತ್ತರ ಕೊಡಲು ಮಣ್ಣಿನಲ್ಲಿ ಬೀಜ ಉಳಿದಿರಬೇಕಷ್ಟೆ. ಚಿಲಮತ್ತೂರಿನ ಬಳಿಯ ವೀರಾಪುರಕ್ಕೆ ವರ್ಷವರ್ಷವೂ ಬರುವ ಬಣ್ಣದ ಕೊಕ್ಕರೆಗಳು ಮೇಯುವುದು ಈ ಮೊಳಕಾಲುದ್ದದ ನೀರಿನಲ್ಲಿಯೇ, ಆಳದಲ್ಲಲ್ಲ. ಹೂಳೆತ್ತುವಾಗ ಅಂಗಳದ ಒಂದು ಮೂಲೆಯನ್ನು ಮುಟ್ಟದೆ ಬಿಡಿರೆಂದು ಊರಿನವರು ಕೇಳಬಹುದು, ಅದಕ್ಕೆ ಖರ್ಚಿಲ್ಲ.

ಕೆರೆಯಿಂದ ಮನೆಗೆ ಗಿಡದ ತುಂಡು ಬರಲಿ. ಬುಡಸಹಿತ ಕಿತ್ತು ತರುವುದು ಬೇಡ. ಮನೆಯಿಂದ ಕೆರೆಗೆ ಮಾತ್ರ ಏನೂ ಹೋಗಕೂಡದು. ಈ ಮಾತನ್ನು ಮಕ್ಕಳು ವಿಶೇಷವಾಗಿ ಕೇಳಬೇಕು. ದಕ್ಷಿಣ ಅಮೆರಿಕದಿಂದ ಹೂವಿನ ಚೆಂದಕ್ಕೆಂದು ಬಂದ ನೀರುಹಯಸಿಂತ್ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹೇಗೆ ಮುಚ್ಚಿತೆಂಬುದನ್ನು ಅನೇಕರು ಕಂಡಿದ್ದೀರಿ. ಅದೇ ಖಂಡದಿಂದ ಬಂದು, ತೊಟ್ಟಿಯ ಗಾಜಿನ ಪಾಚಿ ತಿನ್ನುತ್ತದೆಂದು ಅಂಗಡಿಯಲ್ಲಿ ಮಾರುವ ಮುಳ್ಳುಮೈಯ ಮೀನು ಈಗ ಆಂಧ್ರದ ಕಾಲುವೆ ಕೆರೆಗಳಲ್ಲಿ ರಾಕ್ಷಸಿ ಮೀನೆಂದು ಹೆಸರಾಗಿ, ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಹೊನಗೊನ್ನೆಯನ್ನು ಆರಿಸುವಾಗಲೂ ಎಚ್ಚರವಿರಲಿ. ಅದನ್ನೇ ಹೋಲುವ ಪರದೇಶದ ಕಳೆಯೊಂದು ಕೊಳಚೆನೀರಿನ ಕೆರೆಗಳಲ್ಲಿ ಹಬ್ಬಿದೆ. ನಮ್ಮ ಹೊನಗೊನ್ನೆಯ ಬಿಳಿಯ ಹೂಗೊಂಚಲು ತೊಟ್ಟಿಲ್ಲದೆ ಗೆಣ್ಣಿಗೆ ಅಂಟಿಕೊಂಡಿರುತ್ತದೆ. ಆ ಕಳೆಯ ಹೂವು ಉದ್ದ ತೊಟ್ಟಿನ ಮೇಲೆ ನಿಲ್ಲುತ್ತದೆ, ಕಾಂಡ ಕೊಳವೆಯಂತೆ ಟೊಳ್ಳು. ಬದಲಾಯಿಸಿದ ನೀರನ್ನೂ ಕತ್ತರಿಸಿದ ಸೊಪ್ಪನ್ನೂ ಕರಿಬೇವಿನ ಬುಡಕ್ಕೆ ಹಾಕಿರಿ. ಅದಕ್ಕಿಂತ ಒಳ್ಳೆಯ ಗೊ‌ಬ್ಬರ ಬೇರೆ ಬೇಕಿಲ್ಲ.

ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ನಮ್ಮ ಕನ್ನಡ ಶಾಲೆಯ ಮಕ್ಕಳು ಇಂಗಾಲಾಮ್ಲ, ಸಾರಜನಕ, ಗಡಸು ನೀರು ಎಂಬ ಮಾತುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಅವುಗಳ ಅರ್ಥವನ್ನು ಕಣ್ಣಾರೆ ಕಾಣುವುದಿಲ್ಲ. ತರಗತಿಗೊಂದು ತೊಟ್ಟಿಯಿದ್ದು, ಒಂದು ಬ್ರಾಹ್ಮಿಯ ಕಡ್ಡಿಯನ್ನು ಪೂರ್ತಿ ಮುಳುಗಿಸಿ ಇನ್ನೊಂದನ್ನು ಅರ್ಧ ಮುಳುಗಿಸಿ ನೆಟ್ಟು, ವಾರವಾರವೂ ಗೆಣ್ಣು ಎಣಿಸಿ ಗೋಡೆಯ ಮೇಲೆ ಬರೆದರೆ, ಎರಡು ತಿಂಗಳಲ್ಲಿ ಅವರೇ ನನಗಿಂತ ಚೆನ್ನಾಗಿ ಈ ಭಾಷಣವನ್ನು ಮಾಡಿಯಾರು. ಗಿಡದ ಹೆಸರನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಸಿರಿ. ಮನೆಯ ಅಜ್ಜಿಯರನ್ನು ಕೇಳಿದರೆ ಪುಸ್ತಕದಲ್ಲಿಲ್ಲದ ಹೆಸರುಗಳೂ ಒಂದೆರಡು ಸಿಕ್ಕಬಹುದು. ಅವನ್ನು ಬರೆದು ಸಂಘಕ್ಕೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡಲು ಸಂಪಾದಕರು ಒಪ್ಪಿದ್ದಾರೆ.

ಬಾಗಿಲ ಬಳಿಯ ಬುಟ್ಟಿಯಲ್ಲಿ ನೀರುಬ್ರಾಹ್ಮಿಯ ಮತ್ತು ಹೊನಗೊನ್ನೆಯ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದೆ. ಬೇಕಾದವರು ಎರಡೆರಡು ಒಯ್ಯಬಹುದು. ಕಲ್ಯಾಣದುರ್ಗಕ್ಕೆ ಹೋಗುವವರು ದಾರಿಯಲ್ಲಿ ಒಮ್ಮೆ ಬಟ್ಟೆಗೆ ನೀರು ಚಿಮುಕಿಸಿ, ಇಂದು ರಾತ್ರಿಯೇ ನೀರಿನಲ್ಲಿಡಬೇಕು.